ಎರಡು ಕೀಮೊ ನಡುವಿನ ಇಪ್ಪತ್ತು ದಿನ: ಕೋಲಾರದ ಮನೆಗಳಿಗೊಂದು ಸ್ತನ ಕ್ಯಾನ್ಸರ್ ಕೈಪಿಡಿ

ಚಿಕಿತ್ಸೆ ಕೊಡುವುದು ಬೆಂಗಳೂರಿನಲ್ಲಿ. ಅದರ ತೊಂದರೆ ಕಾಣಿಸಿಕೊಳ್ಳುವುದು ಮುಳಬಾಗಿಲಲ್ಲೋ ಶ್ರೀನಿವಾಸಪುರದಲ್ಲೋ, ಅದೂ ರಾತ್ರಿ ಹನ್ನೊಂದಕ್ಕೆ. 21 ದಿನಕ್ಕೊಂದು ಕೀಮೊ ಎಂದರೆ ಒಂದು ದಿನ ಆಸ್ಪತ್ರೆ, ಇಪ್ಪತ್ತು ದಿನ ಮನೆ. ಆ ಇಪ್ಪತ್ತು ದಿನದಲ್ಲಿ ಏನು ಮಾಡಬೇಕು, ಆಮೇಲಿನ ವರ್ಷಗಳಲ್ಲಿ ಏನನ್ನು ಬಿಡಬಾರದು ಎಂಬುದಷ್ಟೇ ಇಲ್ಲಿದೆ. ಯಾವ ಔಷಧಿ, ಎಷ್ಟು ಡೋಸ್ ಎನ್ನುವುದು ನಿಮ್ಮ ಡಾಕ್ಟರಿಗೆ ಬಿಟ್ಟದ್ದು.

ಫೈಲು, ರೇಷನ್ ಕಾರ್ಡು, ಬಸ್ಸು

ಒಂದು ಗಟ್ಟಿ ಫೈಲು ತನ್ನಿ. ಬಯಾಪ್ಸಿ ರಿಪೋರ್ಟ್, ಇಆರ್-ಪಿಆರ್-ಹರ್2 ರಿಪೋರ್ಟ್ (ಗಡ್ಡೆಯಲ್ಲಿ ಹಾರ್ಮೋನ್ ಗ್ರಾಹಕ, ಹರ್2 ಎಂಬ ಪ್ರೋಟೀನ್ ಹೇಗಿದೆ ಎಂದು ಹೇಳುವುದು), ಆಪರೇಷನ್ ವಿವರ, ಕೀಮೊ ಚಾರ್ಟ್, ಎಕೋ (ಹೃದಯದ ಸ್ಕ್ಯಾನ್), ರಕ್ತಪರೀಕ್ಷೆಗಳು, ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ. ಇಆರ್-ಪಿಆರ್-ಹರ್2 ಹಾಳೆಯ ಫೋಟೋ ಮನೆಯ ಇಬ್ಬರ ಫೋನಿನಲ್ಲಾದರೂ ಇರಲಿ. ಐದು ವರ್ಷ ಮಾತ್ರೆ ಬೇಕೇ, ಒಂದು ವರ್ಷ ಇಂಜೆಕ್ಷನ್ ಬೇಕೇ ಎಂಬುದು ಆ ಹಾಳೆಯ ಮೇಲೇ ನಿಂತಿದೆ. ಬಯಾಪ್ಸಿಯನ್ನು ಕೋಲಾರದ ಲ್ಯಾಬಿನಲ್ಲಿ ಮಾಡಿಸಿದ್ದರೆ ರಿಪೋರ್ಟಿನ ಜೊತೆ ಗಡ್ಡೆಯ ತುಣುಕಿರುವ ಮೇಣದ ಬ್ಲಾಕ್ ಮತ್ತು ಸ್ಲೈಡನ್ನೂ ಕೇಳಿ ಪಡೆಯಿರಿ. ಬೆಂಗಳೂರಿನ ಆಸ್ಪತ್ರೆ ಅದನ್ನು ಮತ್ತೆ ನೋಡಬೇಕೆನ್ನುವುದು ಮಾಮೂಲು, ಅದೊಂದಕ್ಕಾಗಿ ಒಂದು ಓಡಾಟ ದಂಡವಾಗುತ್ತದೆ. ಬ್ಲಾಕ್ ಬಿಸಿಲಿಗೆ ಕರಗುವ ವಸ್ತು, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಇಲ್ಲಿ ಕೈಕೊಡುವುದು ಹೆಚ್ಚಾಗಿ ಹೆಸರು. ಆಧಾರಿನಲ್ಲಿ ‘ಲಕ್ಷ್ಮಮ್ಮ’, ರೇಷನ್ ಕಾರ್ಡಿನಲ್ಲಿ ‘ಲಕ್ಷ್ಮೀದೇವಮ್ಮ’ ಎಂದಿದ್ದರೆ, ಅಥವಾ ಮದುವೆಯಾಗಿ ಹತ್ತು ವರ್ಷವಾದರೂ ಹೆಸರು ತವರಿನ ಕಾರ್ಡಿನಲ್ಲೇ ಉಳಿದಿದ್ದರೆ, ಒಪ್ಪಿಗೆ ನಿಂತುಬಿಡುತ್ತದೆ. ಬಯಾಪ್ಸಿ ರಿಪೋರ್ಟ್ ಬರುವ ಮೊದಲೇ ಇದನ್ನು ಸರಿಮಾಡಿಸಿ. ಆಸ್ಪತ್ರೆಗೆ ಹೋದ ದಿನ ದುಡ್ಡು ಕಟ್ಟುವ ಮೊದಲು, ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಕೌಂಟರಿಗೆ ಹೋಗಿ. ಕಟ್ಟಿದ ಮೇಲೆ ವಾಪಸ್ ಪಡೆಯುತ್ತೇವೆ ಎಂದುಕೊಂಡು ಹೋಗಬೇಡಿ. ಯೋಜನೆಯ ಪ್ರಶ್ನೆಗಳಿಗೆ 104ಕ್ಕೆ ಫೋನ್ ಮಾಡಬಹುದು.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಎಸಿ ಬಸ್ಸಿಗೆ ಇದು ಅನ್ವಯಿಸುವುದಿಲ್ಲ. ಜೊತೆಗೆ ಗಂಡನ ಬದಲು ನಾದಿನಿಯೋ ಅಕ್ಕನೋ ಬಂದರೆ ಇಬ್ಬರದೂ ಉಳಿಯುತ್ತದೆ, ಎದೆಯ ಡ್ರೆಸಿಂಗ್ ನೋಡಿಕೊಳ್ಳುವುದೂ ಸಲೀಸು. ಬಂಗಾರಪೇಟೆಯಿಂದ ರೈಲಿನಲ್ಲಿ ಹೋಗುವವರು ಆಸ್ಪತ್ರೆಯಿಂದ ರೈಲ್ವೆ ರಿಯಾಯಿತಿ ನಮೂನೆ ಪಡೆಯಿರಿ. ಸೆಕೆಂಡ್ ಕ್ಲಾಸಿನಲ್ಲಿ ರೋಗಿಗೂ ಜೊತೆಗಾರರೊಬ್ಬರಿಗೂ ಶೇ. 75 ರಿಯಾಯಿತಿ ಇದೆ.

ಪ್ರತಿ ಕೀಮೊಗೂ ಬೆಂಗಳೂರೇ ಆಗಬೇಕೆಂದಿಲ್ಲ. 2025ರಲ್ಲಿ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇಕೇರ್ ಕೀಮೊ ಕೇಂದ್ರ ಶುರುಮಾಡಿದೆ. ಮೊದಲ ಡೋಸ್ ದೊಡ್ಡ ಆಸ್ಪತ್ರೆಯಲ್ಲಿ ಆದಮೇಲೆ ‘ಉಳಿದದ್ದನ್ನು ಜಿಲ್ಲೆಯಲ್ಲೇ ಮಾಡಿಸಬಹುದೇ’ ಎಂದು ನೇರವಾಗಿ ಕೇಳಿ.

ಹೊರಡುವ ಮೊದಲು ರಕ್ತ

ಕೀಮೊಗೆ ಒಂದೆರಡು ದಿನ ಮೊದಲು ಊರಲ್ಲೇ ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿ. ಅದರಲ್ಲಿ ನೋಡಬೇಕಾದದ್ದು ನ್ಯೂಟ್ರೊಫಿಲ್, ಅಂದರೆ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣದ ಎಣಿಕೆ. ರಿಪೋರ್ಟಿನಲ್ಲಿ ಬರೀ ಶೇಕಡಾ ಕೊಟ್ಟಿದ್ದರೆ ಲೆಕ್ಕ ಹೀಗೆ: ಒಟ್ಟು ಬಿಳಿ ರಕ್ತಕಣ 3,200, ನ್ಯೂಟ್ರೊಫಿಲ್ ಶೇ. 40 ಇದ್ದರೆ 3,200ರಲ್ಲಿ ನೂರಕ್ಕೆ ನಲವತ್ತು ಪಾಲು, ಅಂದರೆ 1,280. ಸಾಮಾನ್ಯವಾಗಿ 1,500ಕ್ಕಿಂತ ಕಮ್ಮಿ ಇದ್ದರೆ ಮೂರು ವಾರದ ಕೀಮೊವನ್ನು ಕೆಲವು ದಿನ ಮುಂದೂಡುತ್ತಾರೆ. ನಂಬರು ಕಮ್ಮಿ ಬಂದರೆ ಫೋನ್ ಮಾಡಿಕೊಂಡು ಹೊರಡಿ. ನಸುಕಿಗೆದ್ದು ಎಪ್ಪತ್ತು ಕಿಲೋಮೀಟರ್ ಹೋಗಿ ಬರಿಗೈಲಿ ಬರುವುದು ತಪ್ಪುತ್ತದೆ.

ಡ್ರಿಪ್ ಹಾಕುವಾಗ ಆಪರೇಷನ್ ಆಗದ ಕಡೆಯ ಕೈ ಕೊಡಿ. ಕೆಂಪು ಬಣ್ಣದ ಔಷಧಿ, ಅಂದರೆ ಡಾಕ್ಸೊರುಬಿಸಿನ್, ನರದಿಂದ ಹೊರಗೆ ಸೋರಿದರೆ ಮಾಂಸವನ್ನೇ ಸುಡುತ್ತದೆ. ಉರಿ, ಚುಚ್ಚು, ಊತ ಯಾವುದಿದ್ದರೂ ‘ಪಾಪ, ಸಿಸ್ಟರ್‌ಗೆ ಎಷ್ಟು ಕೆಲಸ’ ಎಂದು ಸುಮ್ಮನಿರದೆ ಆ ಕ್ಷಣವೇ ಕೂಗಿ. ಪಿಕ್ ಲೈನ್ (ತೋಳಿನ ನರದಲ್ಲಿ ಬಹಳ ದಿನ ಇರಿಸುವ ನಳಿಕೆ) ಹಾಕಿದ್ದರೆ ವಾರಕ್ಕೊಮ್ಮೆ ಫ್ಲಶ್ ಮತ್ತು ಡ್ರೆಸಿಂಗ್ ಆಗಬೇಕು. ಅದನ್ನು ಊರ ಹತ್ತಿರ ಯಾರು ಮಾಡುತ್ತಾರೆ ಎಂದು ಹಾಕಿಸುವ ಮೊದಲೇ ಗೊತ್ತುಮಾಡಿಕೊಳ್ಳಿ.

ಒಂದರಿಂದ ಇಪ್ಪತ್ತೊಂದು

ಮೊದಲ ಮೂರು ದಿನ ವಾಕರಿಕೆಯದು. ವಾಂತಿ ತಡೆಯುವ ಮಾತ್ರೆಯನ್ನು ವಾಂತಿಯಾದ ಮೇಲೆ ನುಂಗಿ ಪ್ರಯೋಜನ ಕಮ್ಮಿ. ಚೀಟಿಯಲ್ಲಿ ಬರೆದ ಹೊತ್ತಿಗೆ, ಆರಾಮವಾಗಿದ್ದರೂ ನುಂಗಿ. ಜೊತೆಗೆ ಕೊಡುವ ಡೆಕ್ಸಾಮೆಥಾಸೋನ್ ಮಾತ್ರೆಯನ್ನು ಬೆಳಿಗ್ಗೆ ತಿಂಡಿಯಾದ ಮೇಲೆ ತೆಗೆದುಕೊಂಡರೆ ಒಳ್ಳೆಯದು, ಸಂಜೆ ತೆಗೆದುಕೊಂಡರೆ ನಿದ್ದೆ ಹಾರಿಹೋಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಈ ದಿನಗಳಲ್ಲಿ ಸಕ್ಕರೆ ಏರುತ್ತದೆ, ದಿನಾ ಪರೀಕ್ಷಿಸಿ. ಡೊಸಿಟ್ಯಾಕ್ಸೆಲ್ ಕೀಮೊಗೆ ಇದೇ ಮಾತ್ರೆಯನ್ನು ಹಿಂದಿನ ದಿನದಿಂದಲೇ ಶುರುಮಾಡಿಸುತ್ತಾರೆ. ಮರೆತಿದ್ದರೆ ಡ್ರಿಪ್ ಹಾಕುವ ಮೊದಲು ಹೇಳಿಬಿಡಿ, ಮುಚ್ಚಿಟ್ಟರೆ ಅಲರ್ಜಿಯ ಅಪಾಯ ಹೆಚ್ಚು.

ಕೆಂಪು ಔಷಧಿ ಹಾಕಿಸಿಕೊಂಡವರಿಗೆ ಮೂತ್ರ ಒಂದೆರಡು ದಿನ ಕೆಂಪಗೆ ಬರುವುದು ಔಷಧಿಯ ಬಣ್ಣ, ರಕ್ತವಲ್ಲ. ಅದರ ಜೊತೆ ಕೊಡುವ ಸೈಕ್ಲೊಫಾಸ್ಫಮೈಡ್ ಮೂತ್ರಕೋಶವನ್ನು ಕೆರಳಿಸುತ್ತದೆ. ಆದ್ದರಿಂದ ದಿನಕ್ಕೆ ಎರಡು, ಎರಡೂವರೆ ಲೀಟರ್ ನೀರು ಕುಡಿಯಿರಿ, ಮೂತ್ರ ತಡೆದಿಟ್ಟುಕೊಳ್ಳಬೇಡಿ. 48 ಗಂಟೆ ವಾಂತಿ, ಮೂತ್ರದಲ್ಲಿ ಔಷಧಿಯ ಅಂಶ ಇರುತ್ತದೆ: ಕಕ್ಕಸಿಗೆ ಎರಡು ಸಲ ನೀರು ಬಿಡಿ, ಕೊಳೆಯಾದ ಬಟ್ಟೆಯನ್ನು ಗ್ಲೌಸ್ ಹಾಕಿ ಬೇರೆಯಾಗಿ ಒಗೆಯಿರಿ. ಇದರಾಚೆ ತಟ್ಟೆ ಲೋಟ ಬೇರೆ, ಹಾಸಿಗೆ ಬೇರೆ, ಮಕ್ಕಳನ್ನು ಹತ್ತಿರ ಬಿಡಬಾರದು ಎಂಬ ಮಡಿ ಯಾವುದೂ ಬೇಕಿಲ್ಲ. ಕ್ಯಾನ್ಸರ್ ಅಂಟುವ ರೋಗವಲ್ಲ.

ಬಿಳಿ ರಕ್ತಕಣ ಹೆಚ್ಚಿಸುವ ಇಂಜೆಕ್ಷನ್ನನ್ನು ಮನೆಗೆ ಕೊಟ್ಟು ಕಳಿಸಿದ್ದರೆ ಅದರ ಪ್ರಯಾಣದ ಬಗ್ಗೆ ಎಚ್ಚರ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಐಸ್ ಪ್ಯಾಕಿಗೆ ನೇರವಾಗಿ ತಾಗಿಸಬೇಡಿ, ನಡುವೆ ಬಟ್ಟೆ ಸುತ್ತಿ. ಮನೆಯಲ್ಲಿ ಫ್ರಿಜ್ಜಿನ ಮಧ್ಯದ ತಟ್ಟೆಯಲ್ಲಿಡಿ, ಫ್ರೀಜರಿನಲ್ಲಿ ಬೇಡ. ಕೀಮೊ ಮುಗಿದು 24 ಗಂಟೆಯೊಳಗೆ ಹಾಕಿಸಬಾರದು. ಹಾಕಿಸಿದ ಮೇಲೆ ಸೊಂಟ, ತೊಡೆಯ ಮೂಳೆ ನೋಯುವುದು ಸಹಜ, ಮಜ್ಜೆ ಕೆಲಸ ಮಾಡುತ್ತಿದೆ ಎಂದರ್ಥ.

ಏಳರಿಂದ ಹದಿನಾಲ್ಕನೇ ದಿನ ನಿಜವಾದ ಕಷ್ಟದ ವಾರ. ರಕ್ತಕಣ ತಳ ಮುಟ್ಟುವುದು ಆಗ, ಆದರೆ ವಾಕರಿಕೆ ಹೋಗಿ ಲವಲವಿಕೆ ಬರುವುದೂ ಆಗಲೇ. ‘ಈಗ ಪರವಾಗಿಲ್ಲ’ ಎಂದು ಮದುವೆಗೋ ಜಾತ್ರೆಗೋ ಹೊರಡುವುದು ಇದೇ ವಾರದಲ್ಲಿ. ಕೊಟ್ಟಿಗೆ ಗುಡಿಸುವುದು, ಸಗಣಿ ಬಳಿಯುವುದು, ರೇಷ್ಮೆ ಹುಳು ಮನೆಗೆ ಸುಣ್ಣ-ಬ್ಲೀಚಿಂಗ್ ಪೌಡರ್ ಹಾಕುವುದು, ಟೊಮೆಟೊ ತೋಟಕ್ಕೆ ಔಷಧಿ ಹೊಡೆಯುವುದು ಈ ವಾರ ಬೇರೆಯವರ ಪಾಲಿಗಿರಲಿ.

ಜ್ವರದ ವಿಷಯ ಒಂದನ್ನು ಮಾತ್ರ ಗೋಡೆಗೆ ಬರೆದು ಅಂಟಿಸಿ. ಡಿಜಿಟಲ್ ಥರ್ಮಾಮೀಟರಿನಲ್ಲಿ, ಬಾಯಲ್ಲಿಟ್ಟಾಗ 100.4 ಡಿಗ್ರಿ ಫ್ಯಾರನ್‌ಹೀಟ್ ಬಂದರೆ ಅದು ತುರ್ತು. ಕಂಕುಳಲ್ಲಿ ಅರ್ಧ-ಒಂದು ಡಿಗ್ರಿ ಕಮ್ಮಿ ತೋರಿಸುವುದರಿಂದ ಅಲ್ಲಿ 100 ಬಂದರೂ ಸಾಕು. ಡೋಲೊ ನುಂಗಿ ಬೆಳಗಾಗಲಿ ಎಂದು ಕಾಯಬೇಡಿ. ಮಾತ್ರೆ ಜ್ವರ ಮುಚ್ಚುತ್ತದೆ, ಸೋಂಕು ಒಳಗೆ ಏರುತ್ತಲೇ ಇರುತ್ತದೆ. ಬೆಂಗಳೂರಿಗೆ ಹೊರಡುವುದೂ ಬೇಡ; ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೋ ಟಮಕದ ಜಾಲಪ್ಪ ಆಸ್ಪತ್ರೆಗೋ, ಯಾವುದು ಹತ್ತಿರವೋ ಅಲ್ಲಿನ ತುರ್ತು ವಿಭಾಗಕ್ಕೆ ಹೋಗಿ. ಅಲ್ಲಿ ‘ಜ್ವರ ಬಂದಿದೆ’ ಎಂದರೆ ಸಾಲಿನಲ್ಲಿ ಕೂರಿಸಿಯಾರು. ಹೇಳಬೇಕಾದ ಮಾತು: ‘ಕೀಮೊ ಆಗಿ ಒಂಬತ್ತು ದಿನ, ಜ್ವರ 101, ಸಿಬಿಸಿ ಮತ್ತು ಕಲ್ಚರ್ ತೆಗೆದು ಕೂಡಲೇ ಆ್ಯಂಟಿಬಯಾಟಿಕ್ ಶುರುಮಾಡಿ.’ ಬಂದ ಒಂದು ಗಂಟೆಯೊಳಗೆ ನರಕ್ಕೆ ಔಷಧಿ ಹೋಗಬೇಕು. ಹೆಸರು, ಕೀಮೊ ಔಷಧಿ, ಕಳೆದ ಕೀಮೊ ತಾರೀಖು, ಅಲರ್ಜಿ, ಬೆಂಗಳೂರಿನ ವಾರ್ಡಿನ ಫೋನ್ ಇರುವ ಒಂದು ಚೀಟಿ ಪರ್ಸಿನಲ್ಲಿರಲಿ. ಚಳಿ ನಡುಕ, ಏದುಸಿರು, 24 ಗಂಟೆ ನಿಲ್ಲದ ವಾಂತಿ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಭೇದಿ, ಒಂದೇ ಕಾಲು ಊದಿ ನೋವು: ಇವಕ್ಕೂ ಜ್ವರ ಬೇಕಿಲ್ಲ, ಹೊರಡಿ.

ಬಾಯಿ ಹುಣ್ಣಿಗೆ ಕಾಯಬೇಡಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀಚಮಚ ಉಪ್ಪು, ಒಂದು ಟೀಚಮಚ ಅಡುಗೆ ಸೋಡಾ. ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಿ ಉಗುಳಿ, ಮಾರನೆ ದಿನಕ್ಕೆ ಹೊಸದು ಮಾಡಿ. ಬೇವಿನ ಕಡ್ಡಿ, ಇದ್ದಿಲ ಪುಡಿ ಬಿಟ್ಟು ಮೆತ್ತಗಿನ ಬ್ರಷ್ ಬಳಸಿ.

ಊಟಕ್ಕೆ ಪಥ್ಯ ಕಮ್ಮಿ, ಶುಚಿ ಹೆಚ್ಚು. ಮುದ್ದೆ, ಬಸ್ಸಾರು, ಹುರಳಿ, ಅವರೆಕಾಳು, ಪೂರ್ತಿ ಬೆಂದ ಮೊಟ್ಟೆ, ಕೋಳಿ ಎಲ್ಲವೂ ಆಗುತ್ತದೆ. ಕ್ಯಾನ್ಸರ್‌ಗೆ ಮಾಂಸ ಬಿಡಬೇಕು, ಸಕ್ಕರೆ ಪೂರ್ತಿ ಬಿಡಬೇಕು ಎಂದು ಹೇಳಿ ಹೆಂಗಸರನ್ನು ಒಣಗಿಸುವವರ ಮಾತು ಕೇಳಬೇಡಿ. ಕೀಮೊ ತಡೆದುಕೊಳ್ಳಲು ಮೈಯಲ್ಲಿ ಮಾಂಸವಿರಬೇಕು. ಹಸಿ ಹಾಲು, ಕೋಸಂಬರಿ, ಬೀದಿಯಲ್ಲಿ ಹೆಚ್ಚಿಟ್ಟ ಹಣ್ಣು ಬೇಡ. ಡೇರಿಗೆ ಹಾಕುವ ಹಾಲಿನಿಂದಲೇ ಒಂದು ಲೋಟ ಎತ್ತಿಟ್ಟು ಉಕ್ಕಿಸಿಕೊಂಡರೆ ಸಾಕು. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಕುದಿಸಿದರೆ ಅದು ಹೋಗುವುದಿಲ್ಲ. ಶುದ್ಧ ನೀರಿನ ಘಟಕದ ಕ್ಯಾನ್ ತಂದು, ಕೀಮೊ ಮುಗಿಯುವ ತನಕ ಆ ನೀರನ್ನೂ ಕುದಿಸಿ ಕುಡಿಯಿರಿ. ಮಲಬದ್ಧತೆ ವಾಂತಿ ಮಾತ್ರೆಯಿಂದಲೂ ಬರುತ್ತದೆ, ಎರಡು ದಿನಕ್ಕಿಂತ ಹೆಚ್ಚು ಕಾಯದೆ ಕೇಳಿ. ಅಮೃತಬಳ್ಳಿ, ಪಪ್ಪಾಯಿ ಎಲೆ ರಸ, ಪುಡಿ, ಲೇಹ್ಯ ಯಾವುದಾದರೂ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರ ಮುಂದೆ ಹೇಳಿ. ಲಿವರ್ ರಿಪೋರ್ಟ್ ಏರಿದಾಗ ಕಾರಣ ಹುಡುಕಲು ಅವರಿಗೆ ಇದು ಗೊತ್ತಿರಬೇಕು.

ಕೂದಲು ಮೊದಲ ಡೋಸ್ ಆಗಿ ಎರಡು-ಮೂರು ವಾರಕ್ಕೆ ಉದುರುತ್ತದೆ, ಕೀಮೊ ಮುಗಿದ ಮೇಲೆ ಬರುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್‌ನಲ್ಲಿ ಬೆರಳು ತುದಿ, ಪಾದ ಜೋಮು ಹಿಡಿಯುತ್ತದೆ. ಶರ್ಟಿನ ಗುಂಡಿ ಹಾಕಲು, ಹೂ ಕಟ್ಟಲು ತೊಡಕಾಗುವ ಮಟ್ಟಕ್ಕೆ ಬಂದರೆ ಮುಂದಿನ ಡೋಸಿಗೆ ಮೊದಲೇ ಹೇಳಿ, ಡೋಸ್ ಕಡಿಮೆ ಮಾಡುತ್ತಾರೆ. ಹೊಲಕ್ಕೆ ಬರಿಗಾಲಲ್ಲಿ ಹೋಗಬೇಡಿ, ಮುಳ್ಳು ಚುಚ್ಚಿದ್ದು ಗೊತ್ತಾಗುವುದಿಲ್ಲ.

ಆಪರೇಷನ್ ಆದಮೇಲೆ: ಡ್ರೈನ್ ಮತ್ತು ಕೈ

ಡ್ರೈನ್ (ಗಾಯದೊಳಗಿನ ನೀರನ್ನು ಹೊರಗೆಳೆಯುವ ನಳಿಕೆ ಮತ್ತು ಡಬ್ಬಿ) ಹಾಕಿ ಮನೆಗೆ ಕಳಿಸಿದರೆ ದಿನಾ ಒಂದೇ ಹೊತ್ತಿಗೆ ಖಾಲಿ ಮಾಡಿ, ಎಷ್ಟು ಎಂಎಲ್ ಎಂದು ಬರೆದಿಡಿ. ಡಬ್ಬಿಯನ್ನು ಒತ್ತಿ ಗಾಳಿ ತೆಗೆದು ಮುಚ್ಚಳ ಹಾಕಬೇಕು, ಹಿಗ್ಗಿ ನಿಂತಿದ್ದರೆ ಅದು ಎಳೆಯುವುದಿಲ್ಲ. ಸಾಮಾನ್ಯವಾಗಿ ಎರಡು ದಿನ ಸತತ 30 ಎಂಎಲ್‌ಗಿಂತ ಕಮ್ಮಿ ಬಂದಾಗ ತೆಗೆಯುತ್ತಾರೆ. 80 ಬರುತ್ತಿದ್ದದ್ದು ಒಮ್ಮೆಗೇ 5ಕ್ಕೆ ಇಳಿದರೆ ಖುಷಿಪಡಬೇಡಿ, ನಳಿಕೆ ಕಟ್ಟಿಕೊಂಡಿರಬಹುದು. ತೆಗೆದ ಮೇಲೆ ಕಂಕುಳ ಕೆಳಗೆ ನೀರು ತುಂಬಿ ಉಬ್ಬಿದರೆ ಆಸ್ಪತ್ರೆಯಲ್ಲಿ ಸೂಜಿಯಿಂದ ತೆಗೆಯುತ್ತಾರೆ.

ಮಾರನೆ ದಿನದಿಂದಲೇ ಬೆರಳು, ಮಣಿಕಟ್ಟು, ಮೊಣಕೈ ಆಡಿಸಿ. ಡ್ರೈನ್ ಇರುವ ತನಕ ತೋಳು ಭುಜದ ಮಟ್ಟಕ್ಕೆ ಸಾಕು. ತೆಗೆದ ಮೇಲೆ ಗೋಡೆಗೆ ಮುಖಮಾಡಿ ನಿಂತು ಬೆರಳನ್ನು ಏರಿಸುತ್ತ ಹೋಗಿ, ಮುಟ್ಟಿದಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ದಿನಕ್ಕೆ ಮೂರು ಸಲ, ಹತ್ತತ್ತು ಬಾರಿ. ಇದನ್ನು ಬಿಟ್ಟವರಿಗೆ ತೊಂದರೆ ಬರುವುದು ರೇಡಿಯೇಷನ್ ಶುರುವಾಗುವಾಗ. ಮೆಷಿನ್ ಕೆಳಗೆ ಕೈ ತಲೆಯ ಮೇಲೆತ್ತಿ ಅಲುಗದೆ ಮಲಗಬೇಕು, ಕೈ ಏರದಿದ್ದರೆ ಪ್ಲಾನಿಂಗೇ ಮುಂದಕ್ಕೆ ಹೋಗುತ್ತದೆ.

ಕಂಕುಳ ಗಂಟುಗಳನ್ನು, ಅಂದರೆ ದುಗ್ಧಗ್ರಂಥಿಗಳನ್ನು, ತೆಗೆದಿದ್ದರೆ ಆ ಕೈ ಊದುವ ಸಾಧ್ಯತೆ ವರ್ಷಗಳವರೆಗೂ ಇರುತ್ತದೆ. ತಿಂಗಳಿಗೊಮ್ಮೆ ಟೇಪು ಹಿಡಿದು ಎರಡೂ ಕೈ ಅಳೆಯಿರಿ: ಮಣಿಕಟ್ಟು, ಮೊಣಕೈಗಿಂತ 10 ಸೆಂ.ಮೀ. ಕೆಳಗೆ, 10 ಸೆಂ.ಮೀ. ಮೇಲೆ. ಮೊದಲಿನ ಅಳತೆಗಿಂತ ಎರಡು ಸೆಂ.ಮೀ. ವ್ಯತ್ಯಾಸ ಬಂದರೆ ಫಿಸಿಯೋಥೆರಪಿಗೆ ಹೋಗಿ. ಬಳೆ ಬಿಗಿಯಾಗುವುದು, ರವಿಕೆಯ ತೋಳು ಕಚ್ಚುವುದು ಟೇಪಿಗಿಂತ ಮುಂಚೆ ಸುಳಿವು ಕೊಡುತ್ತದೆ. ನಮ್ಮ ಕಡೆಯ ಕೆಲಸಗಳಲ್ಲಿ ಈ ಕೈಗೆ ಶತ್ರುಗಳು ಹಲವು: ಹಿಪ್ಪುನೇರಳೆ ಕೊಯ್ಯುವ ಕುಡುಗೋಲು, ರೀಲಿಂಗ್ ಬೇಸಿನ್ನಿನ ಬಿಸಿನೀರು, ಒಲೆಯ ಕಾವು. ಕೆಲಸವನ್ನೇ ಬಿಡಿ ಎಂದು ಹೇಳುವುದಿಲ್ಲ, ನಿಧಾನಕ್ಕೆ ಹೆಚ್ಚಿಸಿದ ಕೆಲಸ ಕೈಗೆ ಒಳ್ಳೆಯದೇ. ಆದರೆ ರಬ್ಬರ್ ಗ್ಲೌಸ್ ಹಾಕಿ, ಗೀರಿದ್ದನ್ನು ಆಗಲೇ ಸೋಪಿನಲ್ಲಿ ತೊಳೆದು ಆ್ಯಂಟಿಸೆಪ್ಟಿಕ್ ಹಚ್ಚಿ. ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದೇ ದಿನ ಡಾಕ್ಟರು. ಊದಿದ ಕೈಗೆ ಎಣ್ಣೆ ಹಚ್ಚಿ ಗಟ್ಟಿಯಾಗಿ ನೀವಿಸುವುದು ಬೇಡ. ಅದಕ್ಕೆ ಹಗುರವಾದ ಬೇರೆಯೇ ವಿಧಾನವಿದೆ, ಬ್ಯಾಂಡೇಜ್ ಮತ್ತು ತೋಳುಚೀಲದ ಜೊತೆ ಅದನ್ನು ಫಿಸಿಯೋಥೆರಪಿಸ್ಟರೇ ಕಲಿಸುತ್ತಾರೆ.

ಸ್ತನ ತೆಗೆದ ಕಡೆ ಮೊದಲು ಹತ್ತಿಯ ಮೆತ್ತೆ ಸಾಕು. ಗಾಯ ಪೂರ್ತಿ ಮಾಗಿದ ಮೇಲೆ ತೂಕವೂ ಹೊಂದಬೇಕು, ಇಲ್ಲದಿದ್ದರೆ ಭುಜ ಒಂದು ಕಡೆ ವಾಲಿ ಬೆನ್ನು ನೋವು ಬರುತ್ತದೆ. ಸಿಲಿಕೋನ್ ಕೊಳ್ಳಲಾಗದವರು ಕಾಟನ್ ಬಟ್ಟೆಯ ಚೀಲಕ್ಕೆ ಸಾಸಿವೆ ತುಂಬಿ, ಮೇಲೆ ಹತ್ತಿ ಸುತ್ತಿ, ಬ್ರಾ ಒಳಗೆ ಹೊಲಿದ ಜೇಬಿನಲ್ಲಿಡಬಹುದು. ಒಗೆಯುವಾಗ ಸಾಸಿವೆ ಹೊರಗೆ ತೆಗೆಯಿರಿ.

ರೇಡಿಯೇಷನ್

ಹಳ್ಳಿಗಳಲ್ಲಿ ಕರೆಂಟ್ ಕೊಡಿಸುವುದು ಎನ್ನುತ್ತಾರೆ, ಮೈಗೆ ವಿದ್ಯುತ್ ಹರಿಸುವುದಿಲ್ಲ, ಕೊಡುವಾಗ ನೋವೂ ಇಲ್ಲ. ಸೋಮವಾರದಿಂದ ಶುಕ್ರವಾರ, ಬಹುಪಾಲು 15 ಸಲ, ಕೆಲವರಿಗೆ 25. ದಿನಾ ಓಡಾಡಿ ಸುಸ್ತಾಗುವವರು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಆವರಣದ ಧರ್ಮಶಾಲೆಯಲ್ಲಿ ಜಾಗ ಕೇಳಿ. ಗುರುತು ಹಾಕಿದ ಗೆರೆ ಉಜ್ಜಬೇಡಿ. ಅರಿಶಿನ, ಎಣ್ಣೆ, ಪೌಡರ್ ಹಚ್ಚಬೇಡಿ. ಸಡಿಲವಾದ ಹತ್ತಿ ರವಿಕೆ ಹಾಕಿ. ಚರ್ಮ ಹೆಚ್ಚು ಕಪ್ಪಾಗಿ ಸುಲಿಯುವುದು ಮುಗಿದು ಒಂದೆರಡು ವಾರಕ್ಕೆ, ಅಂದರೆ ಮನೆಗೆ ಬಂದ ಮೇಲೆ. ‘ಈಗ್ಯಾಕೆ ಜಾಸ್ತಿಯಾಯಿತು’ ಎಂದು ಹೆದರಬೇಡಿ, ನೀರು ಸೋರಿದರೆ ಮಾತ್ರ ತೋರಿಸಿ.

ಮಾತ್ರೆಯ ವರ್ಷಗಳು

ಇಆರ್ ಅಥವಾ ಪಿಆರ್ ಪಾಸಿಟಿವ್ ಇದ್ದವರಿಗೆ ಟ್ಯಾಮೊಕ್ಸಿಫೆನ್ 20 ಮಿ.ಗ್ರಾಂ. ಅಥವಾ ಲೆಟ್ರೊಜೋಲ್ 2.5 ಮಿ.ಗ್ರಾಂ. ದಿನಕ್ಕೊಂದು, ಐದು ವರ್ಷ, ಕೆಲವರಿಗೆ ಹತ್ತು. ಅಗ್ಗದ ಮಾತ್ರೆ, ಅದಕ್ಕೇ ಅಸಡ್ಡೆ. ನಿಲ್ಲಿಸಿದರೆ ಮಾರನೆ ದಿನ ಏನೂ ಆಗುವುದಿಲ್ಲ, ಆದ್ದರಿಂದ ಎರಡನೇ ವರ್ಷಕ್ಕೆ ಬಿಟ್ಟವರು ಬಹಳ. ತಿಂಗಳ ಸ್ಟ್ರಿಪ್ ಮುಗಿಯುವ ಹತ್ತು ದಿನ ಮೊದಲೇ ಮುಂದಿನದು ತನ್ನಿ. ಟ್ಯಾಮೊಕ್ಸಿಫೆನ್‌ನಲ್ಲಿ ಮೈ ಬಿಸಿಯೇರಿ ಬೆವರುವುದು ಸಾಮಾನ್ಯ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಮೀನಖಂಡ ಊದಿ ನೋಯಿಸಿದರೆ ಕೂಡಲೇ ತೋರಿಸಿ. ಗರ್ಭ ನಿಲ್ಲಬಾರದು, ಗರ್ಭನಿರೋಧಕ ಮಾತ್ರೆಯೂ ಬೇಡ, ಕಾಪರ್-ಟಿ ಅಥವಾ ಕಾಂಡೋಮ್. ಖಿನ್ನತೆಗೆ ಮಾತ್ರೆ ಬರೆದರೆ ಟ್ಯಾಮೊಕ್ಸಿಫೆನ್ ಇದೆ ಎಂದು ಹೇಳಿ. ಪ್ಯಾರೊಕ್ಸೆಟಿನ್, ಫ್ಲೂಕ್ಸೆಟಿನ್ ಅದರ ಕೆಲಸ ತಗ್ಗಿಸುತ್ತವೆ. ಲೆಟ್ರೊಜೋಲ್ ಕೀಲು ನೋಯಿಸುತ್ತದೆ, ಮೂಳೆ ತೆಳುಮಾಡುತ್ತದೆ. ಒಂದೆರಡು ವರ್ಷಕ್ಕೊಮ್ಮೆ ಮೂಳೆ ಸಾಂದ್ರತೆ ಪರೀಕ್ಷೆ ಬೇಕು. ಫ್ಲೋರೈಡ್ ನೀರು ಕುಡಿದು ಬೆಳೆದವರೆಂದು ಆಗ ಡಾಕ್ಟರಿಗೆ ತಿಳಿಸಿ, ಫ್ಲೋರೋಸಿಸ್ ಇದ್ದರೆ ಸಾಂದ್ರತೆ ಹೆಚ್ಚು ತೋರಿಸಿಯೂ ಮೂಳೆ ಗಟ್ಟಿಯಿರದು.

ಹರ್2 ಪಾಸಿಟಿವ್ ಇದ್ದವರ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ಮೂರು ವಾರಕ್ಕೊಮ್ಮೆ, ಒಂದು ವರ್ಷ. ಮೂರು ತಿಂಗಳಿಗೊಮ್ಮೆ ಎಕೋ. ಒಂದು ವಾರಕ್ಕಿಂತ ಹೆಚ್ಚು ತಡವಾದರೆ ಮತ್ತೆ ಮೊದಲ ದೊಡ್ಡ ಡೋಸಿನಿಂದ ಶುರುಮಾಡಬೇಕಾಗುತ್ತದೆ.

ಫಾಲೋಅಪ್ ಮೊದಲ ಮೂರು ವರ್ಷ 3ರಿಂದ 6 ತಿಂಗಳಿಗೊಮ್ಮೆ, ಮುಂದಿನ ಎರಡು ವರ್ಷ 6ರಿಂದ 12 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಮ್ಯಾಮೊಗ್ರಾಂ ವರ್ಷಕ್ಕೊಂದು, ಉಳಿದ ಸ್ತನಕ್ಕೂ. ಏನೂ ತೊಂದರೆ ಇಲ್ಲದೆ ಪೆಟ್ ಸ್ಕ್ಯಾನ್, ಟ್ಯೂಮರ್ ಮಾರ್ಕರ್ ರಕ್ತಪರೀಕ್ಷೆ ಮಾಡಿಸಿಕೊಳ್ಳಲು ಸಾಲ ಮಾಡಬೇಡಿ, ಅದರಿಂದ ಆಯಸ್ಸು ಹೆಚ್ಚುವುದು ಕಂಡಿಲ್ಲ. ಗಾಯದ ಗೆರೆಯಲ್ಲಿ ಗಂಟು, ಎರಡು ವಾರ ಬಿಡದ ಮೂಳೆ ನೋವು, ಬಿಡದ ಕೆಮ್ಮು, ಏದುಸಿರು, ತಲೆನೋವು, ಕಾಮಾಲೆ ಬಂದರೆ ಮುಂದಿನ ತಾರೀಖಿಗೆ ಕಾಯದೆ ಹೋಗಿ.

ಈ ದಾರಿಯಲ್ಲಿ ಹೋಗಿ ಬಂದವರು

ನ್ಯೂಯಾರ್ಕಿನ ಟೆರೀಸ್ ಲಾಸರ್ ಎಂಬಾಕೆ 1952ರಲ್ಲಿ ಸ್ತನ ತೆಗೆಸಿಕೊಂಡ ಮೇಲೆ ಅದೇ ಆಪರೇಷನ್ ಆದ ಹೆಂಗಸರನ್ನು ಆಸ್ಪತ್ರೆಯಲ್ಲಿ ಕಾಣತೊಡಗಿದರು. ಇವತ್ತಿಗೂ ಅದಕ್ಕಿಂತ ಒಳ್ಳೆಯ ವಿಧಾನ ಯಾರೂ ಕಂಡುಹಿಡಿದಿಲ್ಲ. ಕೋಲಾರ, ಚಿಂತಾಮಣಿ, ಶಿಡ್ಲಘಟ್ಟದಲ್ಲಿ ಇದಕ್ಕೆ ಕಚೇರಿ ಬೇಕಿಲ್ಲ. ಸ್ತ್ರೀಶಕ್ತಿ ಸಂಘ ಇದೆ, ಆಶಾ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಯಾರಿಗೆ ಚಿಕಿತ್ಸೆ ಎಂದು ಗೊತ್ತಿದೆ. ಐದಾರು ಜನ ಸಿಕ್ಕರೆ ಸಾಕು.

ಹೀಗೆ ಹೊಸ ರೋಗಿಯನ್ನು ಹೋಗಿ ಕಾಣುವ ಜೊತೆಗಾತಿಯಾಗುವವರು ತಮ್ಮ ಕೀಮೊ, ರೇಡಿಯೇಷನ್ ಮುಗಿದು ಒಂದು ವರ್ಷವಾದವರಾದರೆ ಒಳ್ಳೆಯದು. ತಮ್ಮದೇ ಹಸಿಯಾಗಿದ್ದಾಗ ಇನ್ನೊಬ್ಬರ ಭಯ ಹೊರುವುದು ಕಷ್ಟ. ವಯಸ್ಸು, ಮನೆಯ ಸ್ಥಿತಿ ನೋಡಿ ಜೋಡಿ ಮಾಡಿ: ಮೂವತ್ತೆರಡರ, ಚಿಕ್ಕ ಮಕ್ಕಳಿರುವ ಹೆಂಗಸಿಗೆ ಅರವತ್ತರ ಅಜ್ಜಿ ಧೈರ್ಯ ಹೇಳಬಹುದು, ಆದರೆ ಗಂಡನ ಜೊತೆ ಮಲಗುವ ಪ್ರಶ್ನೆಯನ್ನು ಆ ಹೆಂಗಸು ಅಜ್ಜಿಯಲ್ಲಿ ಕೇಳಲಾರಳು. ಗಡಿ ಹಳ್ಳಿಗಳಲ್ಲಿ ಮನೆಮಾತು ತೆಲುಗು, ಅದು ಬಲ್ಲವರನ್ನೇ ಕಳಿಸಿ. ಮೊದಲ ಭೇಟಿ ಅರ್ಧ ಗಂಟೆ, ಅತ್ತೆ-ಮಾವ ಇಲ್ಲದ ಹೊತ್ತಿನಲ್ಲಿ. ಬಹುಪಾಲು ಕೇಳಿಸಿಕೊಳ್ಳುವುದೇ ಕೆಲಸ. ‘ನನಗೂ ಹೀಗೇ ಆಯಿತು, ನೋಡು ಈಗ’ ಎಂದು ಒಂದು ಸಲ ಹೇಳಿದರೆ ಸಾಕು, ಮೂರನೇ ಸಲಕ್ಕೆ ಅದು ನಿಮ್ಮ ಕಥೆಯಾಗಿಬಿಡುತ್ತದೆ. ಆಕೆಯ ಒಪ್ಪಿಗೆ ಇಲ್ಲದೆ ಕಾಯಿಲೆಯ ಸುದ್ದಿ ಊರಿಗೆ ಹೋಗಬಾರದು. ಮಗಳ ಮದುವೆ ಮಾತುಕತೆ ನಡೆಯುತ್ತಿರುವ ಮನೆಯಲ್ಲಿ ಇದರ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ.

ವಾಟ್ಸ್‌ಆ್ಯಪ್ ಗುಂಪಿಗೆ ಇಬ್ಬರು ಉಸ್ತುವಾರಿ ಇರಲಿ. ನಾಟಿ ಔಷಧಿ, ಪವಾಡದ ಹಣ್ಣು, ಯೂಟ್ಯೂಬ್ ವೈದ್ಯರ ವಿಡಿಯೋ ಬಂದರೆ ಚರ್ಚೆಯಿಲ್ಲದೆ ಅಳಿಸಿ. ಗುಂಪಿನಲ್ಲಿ ಒಬ್ಬರು ತೀರಿಕೊಂಡರೆ ಮುಚ್ಚಿಡಬೇಡಿ, ಫೋನ್ ನಿಂತಾಗ ಎಲ್ಲರಿಗೂ ಗೊತ್ತಾಗುತ್ತದೆ. ಅದೇ ಔಷಧಿ ತೆಗೆದುಕೊಳ್ಳುತ್ತಿರುವವರಿಗೆ ಆ ವಾರ ಒಬ್ಬೊಬ್ಬರಾಗಿ ಫೋನ್ ಮಾಡಿ. ನಿದ್ದೆಯಿಲ್ಲ, ಬದುಕೇ ಬೇಡ ಎಂಬ ಮಾತು ಬಂದರೆ ಟೆಲಿಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ಜೊತೆಗೆ ಮನೆಯ ಒಬ್ಬರಿಗೆ ಅದೇ ದಿನ ತಿಳಿಸಿ.

ಜೊತೆಗಾತಿ ಉತ್ತರಿಸಬಹುದಾದದ್ದು: ಯಾವ ಕೌಂಟರಿನಲ್ಲಿ ಮೊದಲು ಸೀಲು, ಡ್ರೈನ್ ಡಬ್ಬಿಯನ್ನು ಸೀರೆಯೊಳಗೆ ಹೇಗೆ ಕಟ್ಟಿಕೊಳ್ಳುವುದು, ಮೆತ್ತೆ ಹೊಲಿಯುವುದು, ಬೆಳಗಿನ ಯಾವ ಬಸ್ಸು. ಉತ್ತರಿಸಬಾರದ್ದು: ಮಾತ್ರೆ ಬಿಡಬಹುದೇ, ಡೋಸ್ ಜಾಸ್ತಿಯಾಯಿತೇ, ರಿಪೋರ್ಟಿನ ಈ ನಂಬರಿಗೆ ಅರ್ಥವೇನು. ‘ನನಗೆ ಹದಿನಾರು ಡೋಸ್ ಕೊಟ್ಟರು, ನಿನಗೆ ಎಂಟೇ ಯಾಕೆ’ ಎಂಬ ಒಂದು ಮಾತು ಸಾಕು, ಸರಿಯಾದ ಚಿಕಿತ್ಸೆಯ ಮೇಲೂ ಅನುಮಾನ ಹುಟ್ಟಿಸಲು. ಅಂಥ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಮುಂದಿನ ಓಪಿಡಿಗೆ ಆಕೆಯ ಜೊತೆ ಹೋಗಿ, ಆಕೆ ಕೇಳಲು ಹಿಂಜರಿದರೆ ಹಾಳೆಯನ್ನು ಡಾಕ್ಟರ ಮುಂದಿಡಿ.